ನಾಣ್ಯಕ್ಕೂ ಸನದು ಬೇಕು

ಎಂಟನೆಯ ತರಗತಿಯ ಹುಡುಗನೊಬ್ಬ ಒಂದು ದಿನ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ ತಾಮ್ರದ ನಾಣ್ಯವನ್ನು ನನ್ನ ಮೇಜಿನ ಮೇಲಿಟ್ಟ. ಒಂದು ಮುಖದಲ್ಲಿ ಆನೆ, ಅದರ ಮೇಲೆ ಅಂಕಿಗಳು. "ಸರ್, ಟಿಪ್ಪು ಸುಲ್ತಾನರ ನಾಣ್ಯ. ನಮ್ಮ ದಾದಾ ಅವರ ಪೆಟ್ಟಿಗೆಯಲ್ಲಿತ್ತು" ಎಂದ. ಪಕ್ಕದ ಹುಡುಗ ಬಗ್ಗಿ ಅಂಕಿ ಓದಿ, "8121 ಅಂತ ಐತಿ ಸರ್. ಅಂಥ ಇಸವಿ ಎಲ್ಲೈತಿ? ಇದು ಖೊಟ್ಟಿ!" ಎಂದು ತೀರ್ಪು ಕೊಟ್ಟೇಬಿಟ್ಟ. ತರಗತಿಯೆಲ್ಲ ನಕ್ಕಿತು. ನಾಣ್ಯ ತಂದವನ ಮುಖ ಬಾಡಿತು.

ಆ ತೀರ್ಪು ತಪ್ಪಾಗಿತ್ತು. ಟಿಪ್ಪು ಸುಲ್ತಾನರು 1787ರಲ್ಲಿ ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದರು. ಅಲ್ಲಿಂದ ಮುಂದೆ ಅವರ ನಾಣ್ಯಗಳಲ್ಲಿ ಅಂಕಿಗಳನ್ನೂ ಅಕ್ಷರಗಳಂತೆ ಬಲದಿಂದ ಎಡಕ್ಕೆ ಬರೆಯಲಾಯಿತು. ಆದ್ದರಿಂದ 8121 ಎಂದರೆ 1218; ಅದು ಕ್ರಿ.ಶ. 1790ರ ಸುಮಾರಿಗೆ ಬರುತ್ತದೆ. ಹಾಗಾದರೆ ನಾಣ್ಯ ಅಸಲಿಯೇ? ಅದನ್ನೂ ಹೇಳುವಂತಿಲ್ಲ. ಅಸಲಿ ನಾಣ್ಯದಿಂದ ಅಚ್ಚು ತೆಗೆದು ಎರಕ ಹೊಯ್ದರೆ ನಕಲಿಯಲ್ಲೂ ಇದೇ ಅಂಕಿ ಬರುತ್ತದೆ. ಅಂದು ನಾನು ಮಕ್ಕಳಿಗೆ ಹೇಳಿದ ಮಾತನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ನಮ್ಮ ಭಾಗದ ಮನೆಗಳಲ್ಲಿ ಇಂಥ ವಸ್ತುಗಳು ಇರುವುದು ಆಶ್ಚರ್ಯವಲ್ಲ. ಸವಣೂರು ನವಾಬರಿಗೂ ಹೈದರ್ ಅಲಿಯವರ ಮನೆತನಕ್ಕೂ 1779ರಲ್ಲಿ ಬೀಗತನವಾಯಿತು. 1786ರಲ್ಲಿ ಟಿಪ್ಪುವಿನ ಸೈನ್ಯ ಸವಣೂರನ್ನು ವಶಪಡಿಸಿಕೊಂಡಿತು. ಮರಾಠರು, ಕಂಪನಿಯವರು ಬಂದುಹೋದರು. ಆ ಕಾಲದ ನಾಣ್ಯ, ಫಾರಸಿ ಅಥವಾ ಮೋಡಿ ಅಕ್ಷರದ ಕಾಗದ, ಕೈಬರಹದ ಕಿತಾಬು ಎಷ್ಟೋ ಮನೆಗಳ ಟ್ರಂಕಿನಲ್ಲಿರಬಹುದು. ಅಸಲಿ ಇರುವಲ್ಲಿ ನಕಲಿಯೂ ಇರುತ್ತದೆ.

'ಸನದು' ಎಂಬ ಮಾತು ನಮಗೆ ಎರಡು ಕಡೆಯಿಂದ ಪರಿಚಿತ. ಆಳುವವರು ಕೊಟ್ಟ ಇನಾಮಿನ ಪತ್ರಕ್ಕೆ ಸನದು ಎನ್ನುತ್ತೇವೆ. ಹದೀಸ್ ವಿದ್ಯೆಯಲ್ಲಿ ಒಂದು ಮಾತು ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯೂ ಸನದೇ. ಮಾತು ಎಷ್ಟೇ ಚೆನ್ನಾಗಿರಲಿ, ಸರಪಳಿಯ ಕೊಂಡಿ ಕಳಚಿದ್ದರೆ ವಿದ್ವಾಂಸರು ಅದನ್ನು ದೃಢವೆಂದು ಒಪ್ಪುತ್ತಿರಲಿಲ್ಲ. ಹಳೆಯ ವಸ್ತುವಿಗೂ ಇದೇ ನಿಯಮ. ಅದು ಎಲ್ಲಿ ಸಿಕ್ಕಿತು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದೇ ಅದರ ಸನದು. ಆ ಸನದು ಕಳೆದುಹೋದರೆ ಅಸಲಿ ವಸ್ತುವೂ ಅರ್ಧ ಮೂಕವಾಗುತ್ತದೆ.

ಪಕ್ಕದ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ ಗ್ರಾಮದ ಉದಾಹರಣೆ ನೋಡಿ. ಅಲ್ಲಿನ ಬಾವಿಯೊಂದರಲ್ಲಿ 2002ರಲ್ಲಿ ಸುಮಾರು 160 ಕಬ್ಬಿಣದ ಕೊಳವೆಗಳು ಸಿಕ್ಕವು. ಆಗ ಅವು ಏನೆಂದು ಸರಿಯಾಗಿ ತಿಳಿದಿರಲಿಲ್ಲ. ಆದರೂ ಗುಜರಿಗೆ ಹೋಗದೆ ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದವು. ಮುಂದೆ ಹಲವು ವರ್ಷಗಳ ಬಳಿಕ ಅವು ಟಿಪ್ಪು ಕಾಲದ ಯುದ್ಧ ರಾಕೆಟ್‌ಗಳೆಂದು ಗುರುತಾಯಿತು. ಎಲ್ಲಿಂದ ಬಂದವೆಂಬುದು ತಿಳಿದಿದ್ದರಿಂದ ಪುರಾತತ್ವ ಇಲಾಖೆ 2018ರ ಜುಲೈನಲ್ಲಿ ಅದೇ ಬಾವಿಯನ್ನು ಅಗೆಯಿತು. ಇನ್ನೂ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ದೊರೆತವು. ಯಾರಾದರೂ ಅವನ್ನು ತೂಕಕ್ಕೆ ಹಾಕಿ ಮಾರಿದ್ದರೆ ಈ ಚರಿತ್ರೆ ಕುಲುಮೆಯಲ್ಲಿ ಕರಗಿಹೋಗುತ್ತಿತ್ತು.

ನಕಲಿಯೆಂಬ ಸಂಶಯ ಬಂದಾಗ ವಿದ್ವಾಂಸರು ಹೇಗೆ ನಡೆದುಕೊಂಡರೆಂಬುದಕ್ಕೂ ಕನ್ನಡ ನಾಡಿನಲ್ಲೇ ಪಾಠವಿದೆ. ಮಡಿಕೇರಿಯ ಗಂಗರ ತಾಮ್ರಪಟದಲ್ಲಿರುವ 388ನ್ನು ಶಕ ವರ್ಷವೆಂದು ಹಿಡಿದು ಬಿ.ಎಲ್. ರೈಸ್ ಅದನ್ನು ಕ್ರಿ.ಶ. 466ರದೆಂದು ಎಣಿಸಿದರು. ಜೆ.ಎಫ್. ಫ್ಲೀಟ್ ಒಪ್ಪಲಿಲ್ಲ, ಅಕ್ಷರಗಳು ಎಷ್ಟೋ ಶತಮಾನ ಈಚಿನವು, ಇದು ಕೂಟಶಾಸನ ಎಂದರು. ವಾದ ಜೋರಾಗಿ ನಡೆಯಿತು, ಆದರೆ ತಾಮ್ರಪಟವನ್ನು ಯಾರೂ ಬಿಸಾಡಲಿಲ್ಲ. ಕೂಟಶಾಸನವೂ ತಾನು ಹುಟ್ಟಿದ ಕಾಲದ ಲಿಪಿ, ಭಾಷೆ, ಊರ ಹೆಸರುಗಳನ್ನು ಹೇಳುತ್ತದೆ. ಜಮೀನಿನ ಹಕ್ಕಿಗಾಗಿ ಜನ ಏನೇನು ಮಾಡುತ್ತಿದ್ದರೆಂಬುದನ್ನೂ ತಿಳಿಸುತ್ತದೆ.

ಇನ್ನು ನಾವು ಮಾಡಬೇಕಾದದ್ದು. ಹಳೆಯ ನಾಣ್ಯವನ್ನು ತಿಕ್ಕಿ ತೊಳೆಯಬಾರದು. ನಾನು ಹುಡುಗನಾಗಿದ್ದಾಗ ಮನೆಯಲ್ಲಿದ್ದ ಒಂದು ನಾಣ್ಯವನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದೆ. ಅದು ಫಳಫಳ ಹೊಳೆಯಿತು, ಅಕ್ಷರಗಳು ಹೋದವು. ಅದು ಯಾರ ನಾಣ್ಯವೆಂದು ಇನ್ನು ಯಾರೂ ಹೇಳಲಾರರು. ಹಳೆಯ ಕಾಗದಕ್ಕೆ ಸೆಲೋಟೇಪ್ ಅಂಟಿಸುವುದು, ಲ್ಯಾಮಿನೇಶನ್ ಮಾಡಿಸುವುದು ಇಂಥದೇ ತಪ್ಪು. ಒಣ ಬಟ್ಟೆಯಲ್ಲಿ ಸುತ್ತಿ ತೇವವಿಲ್ಲದ ಕಡೆ ಇಟ್ಟರೆ ಸಾಕು.

ಸಂಶಯವಿದ್ದರೆ ವಸ್ತುವಿಗೆ ಗಾಯವಾಗದಂತೆ ಪರೀಕ್ಷಿಸಿ. ತಾಮ್ರ, ಬೆಳ್ಳಿ, ಚಿನ್ನವನ್ನು ಅಯಸ್ಕಾಂತ ಸೆಳೆಯುವುದಿಲ್ಲ. ತೂಕ ಮಾಡಿ, ಟಿಪ್ಪುವಿನ 'ಹೈದರಿ' ಎಂಬ ಎರಡು ರೂಪಾಯಿಯ ಬೆಳ್ಳಿ ನಾಣ್ಯ ಸುಮಾರು 23 ಗ್ರಾಂ ಇರುತ್ತದೆ. ಅಂಚಿನಲ್ಲಿ ಬೆಸುಗೆಯಂಥ ಗೆರೆ, ಮೈಮೇಲೆ ಸಣ್ಣ ಗುಳ್ಳೆಗಳು ಇದ್ದರೆ ಎರಕದ ಸಂಶಯ ಬಲವಾಗುತ್ತದೆ. ಕೈಯಿಂದ ಮುದ್ರೆಯೊತ್ತಿದ ನಾಣ್ಯಗಳು ಒಂದರಂತೆ ಒಂದು ಇರುವುದಿಲ್ಲ. ಒಂದೇ ಕಡೆ ಒಂದೇ ಗೀರಿರುವ ಎರಡು ನಾಣ್ಯ ಕಂಡರೆ ಎಚ್ಚರ ವಹಿಸಿ. ಇವೆಲ್ಲ ಸುಳಿವುಗಳು ಮಾತ್ರ. ಕೊನೆಯ ಮಾತನ್ನು ಪುರಾತತ್ವ ಇಲಾಖೆಯವರಿಗೆ ಅಥವಾ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯಂಥ ಕಡೆಯ ತಜ್ಞರಿಗೆ ಬಿಡಬೇಕು. ನಕಲಿಯೆಂದು ಗೊತ್ತಾದರೆ ಅದನ್ನು ಅಸಲಿಯೆಂದು ಇನ್ನೊಬ್ಬರಿಗೆ ದಾಟಿಸಬಾರದು. 'ನಕಲಿ' ಎಂಬ ಚೀಟಿಯೊಂದಿಗೆ ಇಟ್ಟುಕೊಂಡರೆ ಹತ್ತು ಜನ ಕಲಿಯುತ್ತಾರೆ.

ಮೋಸದ ಜಾಲವೂ ದೊಡ್ಡದು. ರಾಮ, ಸೀತೆ, ಹನುಮಂತರ ಚಿತ್ರವಿರುವ 1818ರ 'ಕಂಪನಿ ನಾಣ್ಯ'ವನ್ನು ಅಕ್ಕಿ ಸೆಳೆಯುವ ಮಾಯದ ನಾಣ್ಯವೆಂದು ಲಕ್ಷಗಟ್ಟಲೆ ಬೆಲೆ ಹೇಳುವವರಿದ್ದಾರೆ. ಈಸ್ಟ್ ಇಂಡಿಯಾ ಕಂಪನಿ ಅಂಥ ನಾಣ್ಯವನ್ನು ಹೊರಡಿಸಿಯೇ ಇಲ್ಲ. ಹಳೆಯ ನೋಟು, ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು ಹೇಳಿ ಹಣ ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ.

ಕಾನೂನೂ ತಿಳಿದಿರಲಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತು, ಚಾರಿತ್ರಿಕ ಅಥವಾ ಸಾಹಿತ್ಯಿಕ ಮೌಲ್ಯವಿರುವ 75 ವರ್ಷ ದಾಟಿದ ಹಸ್ತಪ್ರತಿ ಪ್ರಾಚ್ಯವಸ್ತುವೆನಿಸುತ್ತವೆ. ಅವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಹೊಲ ಉಳುವಾಗ, ಪಾಯ ತೋಡುವಾಗ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1962ರ ರಾಜ್ಯದ ನಿಧಿ ಕಾಯ್ದೆ ಹೇಳುತ್ತದೆ.

ವಿದ್ಯಾರ್ಥಿ ಮಿತ್ರರೇ, ಮೊದಲು ಮನೆಯ ಹಿರಿಯರನ್ನು ಕೇಳಿ. ಅವರು ಹೇಳಿದ್ದನ್ನು ದಿನಾಂಕ ಹಾಕಿ ಬರೆದಿಡಿ. ಆ ಹುಡುಗನಿಗೂ ನಾನು ಹೇಳಿದ್ದು ಇಷ್ಟೇ: "ದಾದಿಯನ್ನು ಕೇಳು. ನಮಗೆ ಅನುಕೂಲವಾಗುವುದನ್ನಲ್ಲ, ಅವರು ಹೇಳಿದ್ದನ್ನು ಬರೆ." ಮೂರು ದಿನ ಬಿಟ್ಟು ಚೀಟಿ ತಂದ. ತಲೆತಲಾಂತರದಿಂದ ಬಂದ ನಾಣ್ಯವೆಂದು ಬರೆದುಕೊಂಡು ಬಂದಿದ್ದರೆ ಯಾರೂ ಅಲ್ಲಗಳೆಯುವಂತಿರಲಿಲ್ಲ. ಅವನು ಬರೆದದ್ದು ಹೀಗಿತ್ತು: "ದಾದಾ ಇದನ್ನು ಜಾತ್ರೆಯಲ್ಲಿ ಕೊಂಡರಂತೆ. ಅದಕ್ಕೂ ಮೊದಲು ಯಾರ ಹತ್ತಿರ ಇತ್ತೋ ಗೊತ್ತಿಲ್ಲ. ಅಸಲಿಯೋ ನಕಲಿಯೋ ಇನ್ನೂ ತಿಳಿದಿಲ್ಲ."

ಅದನ್ನು ತರಗತಿಯಲ್ಲಿ ಓದಿಸಿದೆ. ಈ ಸಲ ಯಾರೂ ನಗಲಿಲ್ಲ.