ವಿಜಯದಶಮಿಯ ಬಾಕಿ

ವರ್ಷವೆಂಬುದು ಎಲ್ಲರ ಮನೆಯಲ್ಲಿಯೂ ಒಂದೇ ದಿನ ಹೊರಳುವುದಿಲ್ಲ. ಪಂಚಾಂಗ ನೋಡುವವರಿಗೆ ಯುಗಾದಿ, ಸರ್ಕಾರದ ಗುಮಾಸ್ತರಿಗೆ ಏಪ್ರಿಲ್ ಒಂದನೆಯ ತಾರೀಖು, ಅಂಗಡಿಯವರಿಗೆ ದೀಪಾವಳಿಯ ಲಕ್ಷ್ಮೀಪೂಜೆ. ನಾನು ಬೆಳೆದ ಮೈಸೂರಿನ ವೀಣೆಯ ಮನೆಯಲ್ಲಾದರೋ, ಹಳೆಯ ವರ್ಷವು ಮೂಲಾ ನಕ್ಷತ್ರದಂದು ಮುಗಿದು ಹೊಸದು ವಿಜಯದಶಮಿಯಂದು ಮೊದಲಾಗುತ್ತಿತ್ತು, ನಡುವಣ ದಿನಗಳು ಯಾವ ವರ್ಷಕ್ಕೂ ಸೇರದವು. ಮೂಲಾದಲ್ಲಿ ಸರಸ್ವತಿಯನ್ನು ಆವಾಹಿಸಿ ಶ್ರವಣದಲ್ಲಿ ವಿಸರ್ಜಿಸುವ ತನಕ ವೀಣೆಯು ಪುಸ್ತಕಗಳ ಮಗ್ಗುಲಲ್ಲಿ, ಮಡಿವಸ್ತ್ರ ಹಾಸಿದ ಮಣೆಯ ಮೇಲೆ, ಕೊಡದ ಮೇಲೊಂದು ಸೇವಂತಿಗೆಯ ಮಾಲೆಯನ್ನು ಧರಿಸಿ ಮೌನವಾಗಿ ಕುಳಿತಿರುತ್ತಿತ್ತು. ಅದು ಅನಧ್ಯಯನದ ಕಾಲ, ತಂತಿಯನ್ನು ಮುಟ್ಟಕೂಡದು. ಮುಟ್ಟದಿರುವುದು ಎಷ್ಟು ಕಷ್ಟವೆಂಬುದನ್ನು ದಿನವೂ ಸಾಧನೆ ಮಾಡುವವರೇ ಬಲ್ಲರು: ಎಡಗೈಯ ಬೆರಳುಗಳು ತಮಗೆ ತಾವೇ ಮೊಣಕಾಲಿನ ಮೇಲೆ ಕಾಣದ ಮೆಟ್ಟಿಲುಗಳನ್ನು ಹುಡುಕುತ್ತಿರುತ್ತವೆ.

ಆ ಬಿಡುವಿನ ದಿನಗಳಲ್ಲಿ ನಮ್ಮ ಗುರುಗಳು ಒಂದು ಕೆಲಸವನ್ನು ಮಾತ್ರ ಮಾಡುತ್ತಿದ್ದರು. ಪುಸ್ತಕಗಳೆಲ್ಲ ಪೂಜೆಯಲ್ಲಿದ್ದರೂ ಅವರ ರಟ್ಟಿನ ಟಿಪ್ಪಣಿ ಪುಸ್ತಕವೊಂದು ಪೂಜೆಗೆ ಹೋಗುತ್ತಿರಲಿಲ್ಲ. ಅದರ ಕೊನೆಯ ಪುಟದಲ್ಲಿ, ದಿನಸಿ ಅಂಗಡಿಯವನ ಲೆಕ್ಕದಂತೆ, ‘ಬಾಕಿ’ ಎಂದು ತಲೆಬರಹ ಬರೆದು, ಆ ವರ್ಷ ಹಿಡಿದು ಮುಗಿಸದೆ ಉಳಿದ ಕೀರ್ತನೆಗಳು, ಕೈಗೆ ಬಗ್ಗದ ರಾಗಗಳು, ಶಿಷ್ಯರಿಗೆ ಮಾತುಕೊಟ್ಟು ಹೇಳಿಕೊಡದಿದ್ದ ಪಾಠಗಳು ಇವನ್ನೆಲ್ಲ ಒಂದರ ಕೆಳಗೊಂದು ಗುರುತಿಸುತ್ತಿದ್ದರು. ನುಡಿಸಿದ ಕಚೇರಿಗಳ ಲೆಕ್ಕ ಅದರಲ್ಲಿ ಇರುತ್ತಿರಲಿಲ್ಲ. ‘ಆದದ್ದನ್ನು ಬರೆದುಕೊಳ್ಳುವುದು ಏತಕ್ಕಯ್ಯಾ? ಅದು ಜನರಿಗೆ ಗೊತ್ತಿದೆ’ ಎಂದು ಒಮ್ಮೆ ನನಗೆ ಹೇಳಿದ್ದುಂಟು.

ಈ ಪದ್ಧತಿಯನ್ನು ಅವರು ಎಲ್ಲಿಂದ ತಂದರೋ, ಆದರೆ ಮೈಸೂರಿನ ಸಂಗೀತಗಾರರ ವರ್ಷವು ನವರಾತ್ರಿಯ ಸುತ್ತ ಹೆಣೆದುಕೊಂಡುದಕ್ಕೆ ಅರಮನೆಯೇ ಮುಖ್ಯ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಒಂಬತ್ತು ರಾತ್ರಿಗಳ ದರ್ಬಾರಿನಲ್ಲಿ ಆಸ್ಥಾನ ವಿದ್ವಾಂಸರು ತಮ್ಮ ವಿದ್ಯೆಯನ್ನು ಒಪ್ಪಿಸಬೇಕಾಗಿತ್ತು. ಮನ್ನಣೆಯೋ ಮೌನವೋ, ಪ್ರಭುವಿನಿಂದ ದೊರೆಯುತ್ತಿದ್ದುದು ಅಲ್ಲಿಯೇ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಗಿ, 1912ರಲ್ಲಿ ಈಗಿನ ಕಟ್ಟಡವು ಪೂರ್ಣಗೊಂಡರೂ ಈ ಕ್ರಮ ತಪ್ಪಲಿಲ್ಲ. ಮನೆಯ ವೀಣೆ ಪೂಜೆಯಲ್ಲಿರುವಾಗ ದರ್ಬಾರಿನಲ್ಲಿ ನುಡಿಸುವುದು ಹೇಗೆಂದು ಬಾಲ್ಯದಲ್ಲಿ ನನಗೆ ಸಂಶಯ ಬಂದಿತ್ತು. ನಮ್ಮ ಗುರುಗಳ ಮನೆಯಲ್ಲಿ ಎರಡು ವೀಣೆಗಳಿದ್ದುದರ ಗುಟ್ಟು ತಿಳಿದದ್ದು ಆಗ: ಒಂದು ದೇವಿಯದು, ಇನ್ನೊಂದು ದೊರೆಯದು. ಶಾಸ್ತ್ರಕ್ಕೂ ಸಂಬಳಕ್ಕೂ ಹೀಗೆ ರಾಜಿ ಮಾಡಿಸುವ ಜಾಣತನ ನಮ್ಮ ಹಿರಿಯರಿಗೆ ಚೆನ್ನಾಗಿ ಕರಗತವಾಗಿತ್ತು.

ವೀಣೆ ಶೇಷಣ್ಣನವರನ್ನು (1852–1926) ಕುರಿತು ಹಳೆಯ ಮೈಸೂರಿನಲ್ಲಿ ಹೇಳುವ ಕಥೆಯೊಂದಿದೆ. ಪಲ್ಲಕ್ಕಿಯ ಮರ್ಯಾದೆಯನ್ನು ಅವರಿಗೆ ಸಲ್ಲಿಸಬೇಕೆಂದು ಅರಮನೆಯಿಂದ ಏರ್ಪಾಡಾದಾಗ, ಅವರು ವೀಣೆಯನ್ನು ಪಲ್ಲಕ್ಕಿಯೊಳಗೆ ಕುಳ್ಳಿರಿಸಿ ತಾವು ಪಕ್ಕದಲ್ಲಿ ನಡೆದುಬಂದರಂತೆ. ಕಥೆಯನ್ನು ವಿನಯದ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ನನಗೆ ಅದರಲ್ಲಿ ವಿನಯಕ್ಕಿಂತ ಹೆಚ್ಚಾಗಿ ಲೆಕ್ಕಾಚಾರದ ಶುದ್ಧಿಯೊಂದು ಕಾಣುತ್ತದೆ: ಸಂದ ಮರ್ಯಾದೆಯನ್ನು ಯಾರ ಖಾತೆಗೆ ಬರೆಯಬೇಕೆಂಬುದು ಅವರಿಗೆ ಸ್ಪಷ್ಟವಾಗಿತ್ತು. ಅವರ ಶಿಷ್ಯರಾದ ವೆಂಕಟಗಿರಿಯಪ್ಪನವರಲ್ಲಿಯೂ, ಅವರ ಶಿಷ್ಯರಾದ ದೊರೆಸ್ವಾಮಿ ಅಯ್ಯಂಗಾರ್ಯರಲ್ಲಿಯೂ ಮುಂದುವರಿದ ಆ ಬಾನಿಯ ಮಿತವ್ಯಯವನ್ನು ಕೇಳಿದವರಿಗೆ ನನ್ನ ಮಾತು ಅತಿಶಯೋಕ್ತಿಯೆಂದು ತೋರಲಾರದು.

ನವರಾತ್ರಿಯು ದೊರೆಯ ಕಾಲವಾದರೆ, ಚೈತ್ರದ ರಾಮೋತ್ಸವವು ಊರಿನ ಕಾಲ. ಕೋಸಂಬರಿ ಪಾನಕಗಳ ನಡುವೆ, ಟಿಕೀಟಿಲ್ಲದೆ, ಬೀದಿಯವರೆಲ್ಲ ಬಂದು ಕುಳಿತು ಕೇಳುವ ಕಚೇರಿಗಳಿವು. ಬಿಡಾರಂ ಕೃಷ್ಣಪ್ಪನವರು (1866–1931) ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ದಾಸರ ದೇವರನಾಮಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನ ದೊರಕಿಸಿಕೊಟ್ಟವರಲ್ಲಿ ಅವರು ಅಗ್ರಗಣ್ಯರು. ಅವರ ಶಿಷ್ಯ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿಗಳನ್ನು ಹೂಡಿದ್ದು, ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿನವರೆಗೆ ನಾದವನ್ನು ಮುಟ್ಟಿಸಬೇಕೆಂಬ ಹಂಬಲದಿಂದ. 1939ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮೊದಲಾದ ರಾಮಸೇವಾ ಮಂಡಳಿಯ ಉತ್ಸವವು ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಚಪ್ಪರ ಹಾಕುವಷ್ಟು ಬೆಳೆದ ಮೇಲಂತೂ ವೈಣಿಕನಿಗೆ ಮೈಕಿನ ಹೊರತು ಗತಿಯಿಲ್ಲವೆಂಬಂತಾಯಿತು. ಮೈಕು ನಮ್ಮ ಕ್ಷೀಣವಾದ ನಾದವನ್ನು ಜನದ ಬಳಿಗೆ ಒಯ್ದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಮೀಟಿದ ಬಳಿಕ ತಾನಾಗಿ ಅಳಿಯುತ್ತಿದ್ದ ನಾದವನ್ನು ಎಡಗೈಯಿಂದ ಪೋಷಿಸಿ ಉಳಿಸುತ್ತಿದ್ದ ಹಳೆಯ ಎಚ್ಚರವು ಅದರಿಂದ ಸಡಿಲವಾಯಿತೆಂದು ಮಾತ್ರ ಹೇಳುತ್ತೇನೆ. ಇನ್ನು ರೇಡಿಯೊ: 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದಂದಿನಿಂದ ಗಡಿಯಾರದ ಮುಳ್ಳು ಆಲಾಪನೆಯೊಳಗೆ ಕಾಲಿಟ್ಟಿತು.

ಈ ವರ್ಷದ ನನ್ನ ಬಾಕಿಗೂ ಕಾರಣವಾದದ್ದು ಚೈತ್ರವೇ. ಯಾವ ಊರೆಂದು ಹೇಳುವುದು ಬೇಡ. ವ್ಯವಸ್ಥಾಪಕರು ವೀಣೆಯನ್ನು ವ್ಯಾನಿನ ಹಿಂಬದಿಯಲ್ಲಿಟ್ಟು, ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಗಂಟೆಯ ಹೊತ್ತು ನಿಲ್ಲಿಸಿಬಿಟ್ಟರು. ಸಂಜೆ ಕಲ್ಯಾಣಿಯ ಆಲಾಪನೆ ಮಧ್ಯಸ್ಥಾಯಿಯಲ್ಲಿ ಸುಖವಾಗಿ ನಡೆದಿರುವಾಗ, ಗಾಂಧಾರದ ಮೆಟ್ಟಿಲು ನನ್ನ ಬೆರಳಿನ ಕೆಳಗೆ, ನಿದ್ದೆಯಲ್ಲಿ ಮಗ್ಗುಲಾಗುವ ಮಗುವಿನಂತೆ, ಕೂದಲೆಳೆಯಷ್ಟು ಸರಿಯಿತು. ಮೆಟ್ಟಿಲುಗಳನ್ನು ಹಿಡಿದಿರುವ ಮೇಣ ಬಿಸಿಗೆ ಮೆತ್ತಗಾಗಿತ್ತು. ಆಮೇಲಿನ ಒಂದೂವರೆ ಗಂಟೆ ಆ ಒಂದು ಸ್ವರವನ್ನು ಹಿಂದಿನ ಮೆಟ್ಟಿಲಿನಿಂದ ತಂತಿ ಎಳೆದೇ ನುಡಿಸಿದೆನು. ಕೇಳುಗರಲ್ಲೊಬ್ಬರು ಕಚೇರಿ ಮುಗಿದ ಮೇಲೆ ಬಂದು, ಈ ದಿನದ ಗಾಂಧಾರ ಬಹಳ ಭಾವಪೂರ್ಣವಾಗಿತ್ತೆಂದು ಹೇಳಿ ಕೈಮುಗಿದರು. ನಾನೂ ಮುಗಿದೆನು.

ಆದರೆ ಮೇಳ ಕಟ್ಟಿಸದೆ ಗತಿಯಿರಲಿಲ್ಲ. ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನೂ ಕಿತ್ತು, ದಂಡಿಯ ಮೇಲಿನ ಹಳೆಯ ಮೇಣವನ್ನು ಕೆರೆದು ತೆಗೆದು, ಹೊಸ ಜೇನುಮೇಣವನ್ನು ಮಸಿಯೊಡನೆ ನಾದಿ ಎರಡು ಉದ್ದನೆಯ ಏಣುಗಳಾಗಿ ಕೂಡಿಸಿ, ಅದರ ಮೇಲೆ ಒಂದೊಂದೇ ಮೆಟ್ಟಿಲನ್ನು ಕಿವಿಯ ಸಾಕ್ಷಿಯಿಂದ ನೆಲೆಗೊಳಿಸುವ ಈ ಕೆಲಸವು ನುಡಿಸುವುದಕ್ಕಿಂತ ಕಡಿಮೆಯ ವಿದ್ಯೆಯಲ್ಲ. ಬಲ್ಲವರು ವಿರಳರಾಗುತ್ತಿದ್ದಾರೆ. ಮೇಳ ಕಟ್ಟುವ ಮುದುಕರು ಬರುವ ವೇಳೆಗೆ ಶ್ರಾವಣ ಕಳೆದಿತ್ತು. ಆ ತಿಂಗಳುಗಳಲ್ಲಿ ಮುಗಿಸಬೇಕೆಂದು ಸಂಕಲ್ಪಿಸಿದ್ದುದೆಲ್ಲ ಹಾಗೆಯೇ ಉಳಿಯಿತು.

ಉಳಿದದ್ದೇನೆಂದರೆ ಚಾಮುಂಡಾಂಬೆಯ ಅಷ್ಟೋತ್ತರ. ನಾಲ್ವಡಿ ಕೃಷ್ಣರಾಜ ಒಡೆಯರ ಇಚ್ಛೆಯಂತೆ ಮುತ್ತಯ್ಯ ಭಾಗವತರು (1877–1945) ದೇವಿಯ ನೂರೆಂಟು ನಾಮಗಳಿಗೆ ಒಂದೊಂದರಂತೆ 108 ಕನ್ನಡ ಕೃತಿಗಳನ್ನು ರಚಿಸಿಕೊಟ್ಟರು. ಅವುಗಳಲ್ಲಿ ಕಚೇರಿಗಳಲ್ಲಿ ಕೇಳಿಬರುವುವು ಬೆರಳೆಣಿಕೆಯವು. ವರ್ಷಕ್ಕೆ ಒಂಬತ್ತರಂತೆ ಹನ್ನೆರಡು ವರ್ಷದಲ್ಲಿ ಎಲ್ಲವನ್ನೂ ಕೈವಶ ಮಾಡಿಕೊಳ್ಳಬೇಕೆಂಬುದು ನನ್ನ ಹಳೆಯ ಹರಕೆ. ಈ ಸಲ ಆದದ್ದು ಮೂರು. ಭಾಗವತರು ನೂರೆಂಟನ್ನೂ ಮುಗಿಸಿ ಬಾಕಿಯಿಲ್ಲದೆ ಒಪ್ಪಿಸಿದುದನ್ನು ನಾನು ಕಲಿತು ಮುಗಿಸಲಾರದೆ ಇದ್ದೇನೆಂಬ ನಾಚಿಕೆ ನನಗಿದೆ.

ಆದರೆ ಬಾಕಿಯ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವವರು ವಾಸುದೇವಾಚಾರ್ಯರು. 1865ರಲ್ಲಿ ಜನಿಸಿ, ಅರಮನೆಯ ನೆರವಿನಿಂದ ತಿರುವೈಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರವರಲ್ಲಿ ಗುರುಕುಲವಾಸ ಮಾಡಿ ಬಂದು, ಆಸ್ಥಾನದ ವಿದ್ವಾಂಸರಾಗಿ, ತೆಲುಗು ಸಂಸ್ಕೃತಗಳಲ್ಲಿ ಕೃತಿಗಳನ್ನು ರಚಿಸಿ, ಲೋಕವು ‘ಇನ್ನು ವಿಶ್ರಾಂತಿ’ ಎಂದು ತೀರ್ಮಾನಿಸುವ ವಯಸ್ಸನ್ನು ದಾಟಿದ ಮೇಲೆ, ರುಕ್ಮಿಣೀದೇವಿಯವರ ಕರೆಗೆ ಓಗೊಟ್ಟು ಅವರು ಮದ್ರಾಸಿನ ಕಲಾಕ್ಷೇತ್ರಕ್ಕೆ ಹೊರಟರು. ರಾಮಾಯಣವನ್ನು ನೃತ್ಯನಾಟಕಗಳ ಮಾಲೆಯಾಗಿ ಸಂಗೀತಕ್ಕೆ ಅಳವಡಿಸುವ ಕೆಲಸ. ಮೊದಲನೆಯದಾದ ಸೀತಾ ಸ್ವಯಂವರವು ರಂಗಕ್ಕೆ ಬಂದದ್ದು 1955ರಲ್ಲಿ, ಆಚಾರ್ಯರಿಗೆ ತೊಂಬತ್ತು ವರ್ಷ. ಪಟ್ಟಾಭಿಷೇಕದವರೆಗೆ ತಾವೇ ಹೋಗಿ ಮುಟ್ಟುವೆವೆಂದು ಅವರು ನಂಬಿದ್ದರೋ ಇಲ್ಲವೋ, ಕೆಲಸವನ್ನು ಮಾತ್ರ ಬಾಲಕಾಂಡದಿಂದಲೇ ಹಿಡಿದರು. 1961ರಲ್ಲಿ ಅವರು ತೀರಿಕೊಂಡಾಗ ಮಾಲೆ ಅಪೂರ್ಣವಾಗಿತ್ತು. ಅದನ್ನು ಮುಗಿಸಿದವರು ಮೊಮ್ಮಗ ರಾಜಾರಾಮ್.

ಈ ಸಲದ ನವರಾತ್ರಿಯಲ್ಲಿ, ಹೊಸ ಮೇಳ ಕಟ್ಟಿದ ವೀಣೆ ಪೂಜೆಯಲ್ಲಿದ್ದಾಗ, ಕನ್ನಡಕ ಹಾಕಿಕೊಂಡು ಬಾಕಿಯ ಪುಟವನ್ನು ತೆರೆದು ಬರೆಯತೊಡಗಿದೆನು. ಅಷ್ಟೋತ್ತರದಲ್ಲಿ ಅರವತ್ತೊಂದು ಕೃತಿಗಳು. ಪೂರ್ವಭಾಗವನ್ನಷ್ಟೇ ಕಲಿತಿರುವ ಒಂದು ತಾನವರ್ಣ. ಮೇಳ ಕಟ್ಟುವ ವಿದ್ಯೆಯನ್ನು ಆ ಮುದುಕರಿಂದ ಸ್ವಲ್ಪವಾದರೂ ಕಲಿಯುವುದು. ವಿಜಯದಶಮಿಯ ಬೆಳಿಗ್ಗೆ ಶಿಷ್ಯೆಯೊಬ್ಬಳು ತಟ್ಟೆಯಲ್ಲಿ ವೀಳ್ಯ, ಬಾಳೆಹಣ್ಣು, ತೆಂಗಿನಕಾಯಿ ಇಟ್ಟುಕೊಂಡು ಬಂದು ನಮಸ್ಕರಿಸಿ, ಪಾಠವನ್ನು ಹಿಡಿದುಕೊಳ್ಳಲು ಮೊಬೈಲನ್ನು ಮಣೆಯ ಅಂಚಿಗೆ ಒರಗಿಸಿ ಕುಳಿತಳು. ಈ ಯಂತ್ರದ ಮೇಲಿನ ನನ್ನ ಮುನಿಸನ್ನು ಹಬ್ಬದ ದಿನವೆಂದು ನುಂಗಿಕೊಂಡೆನು.

‘ಈ ವರ್ಷ ಯಾವುದರಿಂದ ಪ್ರಾರಂಭ, ಗುರುಗಳೇ?’ ಎಂದಳು.

ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿದೆನು. ಅವಳು ಪಟ್ಟಿಯ ಮೇಲಿನಿಂದ ಕೆಳಗೆ ಒಮ್ಮೆ ಬೆರಳಾಡಿಸಿ, ಸ್ವಲ್ಪ ಯೋಚಿಸಿ, ನನ್ನ ಕೈಯಿಂದ ಪೆನ್ನನ್ನು ಕೇಳಿ ತೆಗೆದುಕೊಂಡು, ಅರವತ್ತೊಂದರಲ್ಲಿ ಒಂಬತ್ತರ ಎದುರಿಗೆ ತನ್ನ ಹೆಸರಿನ ಮೊದಲಕ್ಷರವನ್ನು ಬರೆದಳು. ಬಳಿಕ ವೀಣೆಯನ್ನು ಎತ್ತಿ ತೊಡೆಗೆ ಒರಗಿಸಿ, ಸಾರಣಿಯ ಬಿರಡೆಯನ್ನು ತಿರುಗಿಸಿ ಶ್ರುತಿ ಕೂಡಿಸಲು ತೊಡಗಿದಳು. ಹೊಸ ಮೇಣದ ವಾಸನೆ ಇನ್ನೂ ಹೋಗಿರಲಿಲ್ಲ.