ತಪ್ಪು ಬಟವಾಡೆಗೆ ಹೊಣೆ ಯಾರು?

1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ ಆರನೇ ಕಲಮು ಗೊತ್ತಿಲ್ಲದೆ ಅಂಚೆ ಕೌಂಟರಿನಲ್ಲಿ ಕೂತವರು ಕಡಿಮೆ. ಕಾಗದವೋ ಪಾರ್ಸೆಲ್ಲೋ ಕಳೆದುಹೋದರೆ, ತಡವಾದರೆ, ಒಡೆದುಹೋದರೆ, ಬೇರೆಯವರ ಕೈ ಸೇರಿದರೆ ಸರ್ಕಾರ ಹೊಣೆಯಲ್ಲ. ತಾನೇ ಬಾಯಿಬಿಟ್ಟು ಒಪ್ಪಿಕೊಂಡಷ್ಟಕ್ಕೆ ಮಾತ್ರ ಹೊಣೆ. ನೌಕರನೂ ಹೊಣೆಯಲ್ಲ, ಮೋಸದಿಂದಲೋ ಬೇಕೆಂದೋ ಮಾಡಿದ್ದರೆ ಆ ಮಾತು ಬೇರೆ. ಮಲೆನಾಡಿನ ಸಬ್ ಆಫೀಸುಗಳಲ್ಲೇ ನೌಕರಿ ಮುಗಿಸಿದ ನಾನು ಈ ಕಲಮನ್ನು ಮಳೆಗಾಲದ ಕೊಡೆಯ ಹಾಗೆ ಬಳಸಿದವನು. ಗಿರಾಕಿ ಸಿಟ್ಟಿನಿಂದ ಬಂದಾಗ ಬಿಚ್ಚುವುದು, ಹೋದಮೇಲೆ ಮಡಚಿಡುವುದು. ರಿಜಿಸ್ಟರ್ ಮಾಡಿದ ಪಾರ್ಸೆಲ್ ಕಳೆದರೆ ಹೆಚ್ಚೆಂದರೆ ನೂರು ರೂಪಾಯಿ, ಅದೂ ಇಲಾಖೆಯ ಔದಾರ್ಯ. ಇನ್‌ಶೂರ್ ಮಾಡಿಸಿದವರಿಗಷ್ಟೇ ಅದಕ್ಕಿಂತ ಹೆಚ್ಚು.

ಆದರೂ ಆ ದಿನಗಳಲ್ಲಿ ದೂರದ ಅಂಗಡಿಯಿಂದ ಸಾಮಾನು ತರಿಸುವವರು ಧೈರ್ಯವಾಗಿಯೇ ತರಿಸುತ್ತಿದ್ದರು. ಆ ಧೈರ್ಯ ಕೊಟ್ಟದ್ದು ವಿ.ಪಿ. ವ್ಯಾಲ್ಯೂ ಪೇಯಬಲ್ ಪೋಸ್ಟ್ ಎಂಬ ಈ ಏರ್ಪಾಡು ನಮ್ಮ ದೇಶದಲ್ಲಿ ಶುರುವಾದದ್ದು 1877ರಲ್ಲಿ. ಅಮೆರಿಕದ ಅಂಚೆಯವರು ಇಂಥದ್ದನ್ನು ಆರಂಭಿಸಿದ್ದು 1913ರಲ್ಲಿ. ಈ ಒಂದು ವಿಷಯದಲ್ಲಿ ನಾವು ಮುಂದಿದ್ದೆವು ಎಂದು ಹೊಸ ಹುಡುಗರ ಎದುರು ಜಂಬ ಕೊಚ್ಚಿಕೊಂಡದ್ದುಂಟು. ಮಾರುವವನು ಪಾರ್ಸೆಲ್ಲಿನ ಮೇಲೆ ಬೆಲೆ ಬರೆದು ಅಂಚೆಗೆ ಹಾಕುತ್ತಾನೆ. ಪೋಸ್ಟ್‌ಮ್ಯಾನ್ ವಿಳಾಸದಾರರಿಂದ ಹಣ ಎಣಿಸಿಕೊಂಡು ಕಟ್ಟು ಕೊಡುತ್ತಾನೆ. ಆ ಹಣ ಮನಿಯಾರ್ಡರ್ ಆಗಿ ಮಾರಿದವನಿಗೆ ಹೋಗುತ್ತದೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಕಟ್ಟು ಕೆಲವು ದಿನ ಆಫೀಸಿನಲ್ಲೇ ಕಾಯುತ್ತದೆ. ಅಡಿಕೆ ಮಾರಿದ ದುಡ್ಡು ಬಂದಮೇಲೆ ವಿ.ಪಿ. ಬಿಡಿಸಿಕೊಳ್ಳುತ್ತೇನೆ, ವಾಪಸ್ ಕಳಿಸಬೇಡಿ ಮಾರಾಯ್ರೆ ಎಂದು ಹೇಳಿ ಹೋಗುವವರು ಪ್ರತಿ ಊರಿನಲ್ಲೂ ಇದ್ದರು. ಕೈಗಡಿಯಾರ, ತಲೆಗೂದಲ ಎಣ್ಣೆ, ತರಕಾರಿ ಬೀಜ, ಶಕ್ತಿವರ್ಧಕ ಲೇಹ್ಯ, ಮತ್ತೆ ಪುಸ್ತಕ. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯಂಥ ಪ್ರಕಾಶನ ಊರೂರಿನ ಚಂದಾದಾರರನ್ನು ನೆಚ್ಚಿಕೊಂಡು ಬೆಳೆದದ್ದರ ಹಿಂದೆ ಅಂಚೆಚೀಲದ ಪಾಲೂ ಇದೆ.

ವಿ.ಪಿ.ಯ ದೊಡ್ಡ ದೋಷವೆಂದರೆ ಹಣ ಕೊಡುವ ಮೊದಲು ಬಿಚ್ಚಿ ನೋಡುವಂತಿರಲಿಲ್ಲ. ಗಡಿಯಾರದ ಬದಲು ಇಟ್ಟಿಗೆ ಚೂರು ಬಂದ ಕತೆ ಎಲ್ಲ ತಾಲ್ಲೂಕಿನಲ್ಲೂ ಚಾಲ್ತಿಯಲ್ಲಿತ್ತು. ಮೋಸವೆಂದು ತಿಳಿದರೆ ವಸೂಲಾದ ಹಣವನ್ನು ತಡೆಹಿಡಿದು ವಿಳಾಸದಾರರಿಗೆ ಮರಳಿಸಲು ಕಾಯ್ದೆಯಲ್ಲಿ ದಾರಿಯಿತ್ತು, ಆದರೆ ಗಿರಾಕಿ ಬೇಗ ಬಂದು ದೂರು ಕೊಡಬೇಕಿತ್ತು. ಇಟ್ಟಿಗೆಯ ವಿಷಯ ಹಾಗಿರಲಿ, ತಪ್ಪು ಮನೆಗೆ ಹೋಗುವ ಭಯವಂತೂ ವಿ.ಪಿ.ಯಲ್ಲಿ ಇರಲೇ ಇಲ್ಲ ಎನ್ನಬಹುದು. ತಾನು ತರಿಸದ ಕಟ್ಟಿಗೆ ಯಾರು ದುಡ್ಡು ಕೊಡುತ್ತಾರೆ? ಕಾನೂನು ಕಾಯದ ವಿಳಾಸವನ್ನು ಗಿರಾಕಿಯ ಜೇಬು ಕಾಯುತ್ತಿತ್ತು. ಇಂದಿನ ತಂಟೆಗಳನ್ನು ನೋಡುವಾಗ ನನಗೆ ಮತ್ತೆ ಮತ್ತೆ ನೆನಪಾಗುವುದು ಇದೇ.

ವಿಳಾಸ ಅಂದರೆ ಆಗ ಏನು! ಹೊಸಹಳ್ಳಿ, ರಾಮಪುರ, ಹೊಸೂರು: ಒಂದೇ ಹೆಸರಿನ ಊರು ಜಿಲ್ಲೆಗೆ ನಾಲ್ಕಾರು. ಲಕೋಟೆಯ ಮೇಲೆ ಇಂಥವರ ಮಗ, ಇಂಥ ಅಂಗಡಿಯ ಮೇಲ್ವಿಚಾರಣೆ, ಮಾರಿಗುಡಿ ಹಿಂಭಾಗ. ಊರಿನ ಪೋಸ್ಟ್‌ಮ್ಯಾನ್ ಅಕ್ಷರ ನೋಡಿಯೇ ಯಾರ ಕಾಗದವೆಂದು ಹೇಳುತ್ತಿದ್ದ. ಅವನಿಗೂ ತಿಳಿಯದ್ದು ಕಳಿಸಿದವರಿಗೆ ವಾಪಸ್, ಅವರ ವಿಳಾಸವೂ ಇಲ್ಲದಿದ್ದರೆ ಡೆಡ್ ಲೆಟರ್ ಆಫೀಸಿಗೆ. ಬೇರೆಯವರ ಕಾಗದ ಒಡೆದು ಓದುವ ಅಧಿಕಾರ ಇದ್ದದ್ದು ಅಲ್ಲಿಯವರಿಗೆ. ಈ ಗೊಂದಲಕ್ಕೆ ಕಡಿವಾಣ ಹಾಕಿದ್ದು 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡ್. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತದಲ್ಲಿ ಕಾವ್ಯ ಬರೆಯುತ್ತಿದ್ದ ಅಧಿಕಾರಿ. ಆರೇ ಅಂಕಿಗಳಲ್ಲಿ ದೇಶವನ್ನು ಹಿಡಿದವನಿಗೆ ಛಂದಸ್ಸಿನ ಅಭ್ಯಾಸ ಇದ್ದದ್ದು ಆಶ್ಚರ್ಯವಲ್ಲ. ಆದರೆ ಪಿನ್‌ಕೋಡ್ ಅಂಚೆ ಕಚೇರಿಯ ತನಕ ತರುತ್ತದೆ. ಅಲ್ಲಿಂದ ಬಾಗಿಲಿನ ತನಕ ಮನುಷ್ಯನೇ ಬೇಕು.

ಸಾಮಾನು ದಾರಿಯಲ್ಲಿರುವಾಗ ಅಂಚೆಯವನು ಯಾರ ಕಡೆಯವನು? ಮಾರಿದವನ ಆಳೋ, ಕೊಂಡವನ ಆಳೋ? ತಪ್ಪಿಹೋದ ಕಟ್ಟಿನ ನಷ್ಟ ಯಾರ ತಲೆಗೆ ಎಂಬುದೆಲ್ಲ ಇದರ ಮೇಲೆಯೇ ನಿಂತಿದೆ. ತಮಾಷೆಯೆಂದರೆ, ಸುಪ್ರೀಂ ಕೋರ್ಟು ಇದನ್ನು ಬಿಡಿಸಿದ್ದು ಆದಾಯ ತೆರಿಗೆಯ ವ್ಯಾಜ್ಯಗಳಲ್ಲಿ. ಪ್ರಭಾಕರ ಕಂದೀಲು ತಯಾರಿಸುತ್ತಿದ್ದ ಓಗಲೆ ಗ್ಲಾಸ್ ವರ್ಕ್ಸ್‌ಗೆ ಸರ್ಕಾರ ದೆಹಲಿಯಿಂದ ಚೆಕ್ಕುಗಳನ್ನು ಅಂಚೆಯಲ್ಲಿ ಕಳಿಸಿತ್ತು. ಅಂಚೆಯಲ್ಲಿ ಕಳಿಸಿ ಎಂದು ಕೇಳಿಕೊಂಡವರು ನೀವೇ ಆದ್ದರಿಂದ ಅಂಚೆ ನಿಮ್ಮ ಪ್ರತಿನಿಧಿ, ದೆಹಲಿಯಲ್ಲಿ ಹಾಕಿದಾಗಲೇ ಹಣ ನಿಮಗೆ ಸೇರಿತು ಎಂದು 1954ರಲ್ಲಿ ತೀರ್ಪಾಯಿತು. ಐದು ವರ್ಷದ ನಂತರ ರತ್ಲಾಮಿನ ಸುಗಂಧದ್ರವ್ಯ ವ್ಯಾಪಾರಿಗಳ ಮೊಕದ್ದಮೆ. ಅದರಲ್ಲಿದ್ದದ್ದು ವಿ.ಪಿ. ಹಣ ಕೊಡುವ ತನಕ ಕೊಂಡವನಿಗೆ ಕಟ್ಟು ಸಿಗುವುದಿಲ್ಲ, ಹಾಗಾಗಿ ಹಣ ವಸೂಲು ಮಾಡುವ ಅಂಚೆ ಮಾರಿದವನ ಪ್ರತಿನಿಧಿ ಎಂದಿತು ಕೋರ್ಟು. ಮುಂದೆ 1980ರಲ್ಲಿ ಮೂರನೆಯ ಮಾತು ಬಂತು. ದೇಶ ವಿಭಜನೆಯ ನಂತರ ಇಲ್ಲಿಂದ ಪಾಕಿಸ್ತಾನಕ್ಕೆ ಹೋದ ವಿ.ಪಿ. ಪಾರ್ಸೆಲ್ಲುಗಳ ಹಣ ಅಲ್ಲಿ ವಸೂಲಾಗಿತ್ತು, ಇಲ್ಲಿಗೆ ಬಂದಿರಲಿಲ್ಲ. ಕಳಿಸಿದ ವ್ಯಾಪಾರಿ ಭಾರತ ಸರ್ಕಾರದ ಮೇಲೆ ದಾವೆ ಹಾಕಿದ. ಅಂಚೆ ಸರಕು ಸಾಗಿಸುವ ಬಾಡಿಗೆಯವನಲ್ಲ, ಕಳಿಸಿದವನ ಆಳೂ ಅಲ್ಲ, ಅದೊಂದು ಸಾರ್ವಜನಿಕ ಸೇವೆ, ಕಾಯ್ದೆ ಹೇಳಿದಷ್ಟೇ ಅದರ ಹೊಣೆ ಎಂದು ಹೇಳಿ ಅವನನ್ನು ಬರಿಗೈಯಲ್ಲಿ ಕಳಿಸಲಾಯಿತು. ಇಲಾಖೆಯವನಾದರೂ ನನಗೆ ಆ ವ್ಯಾಪಾರಿಯ ಮೇಲೆಯೇ ಕನಿಕರ.

ಇದರ ಜೊತೆಗೆ 1930ರ ಸರಕು ಮಾರಾಟ ಕಾಯ್ದೆಯನ್ನೂ ಓದಬೇಕು. ಸಾಗಿಸುವವನ ಕೈಗೆ ಸರಕು ಒಪ್ಪಿಸಿದರೆ ಕೊಂಡವನಿಗೇ ಒಪ್ಪಿಸಿದಂತೆ ಎಂದು ಮೇಲ್ನೋಟಕ್ಕೆ ಭಾವಿಸಬೇಕು ಎನ್ನುತ್ತದೆ ಅದರ 39ನೇ ಕಲಮು. ಅಂದರೆ ಮೊದಲೇ ಹಣ ಕಟ್ಟಿ ತರಿಸಿದವನಿಗೆ ಮಾರಿದವನು ಲಾರಿ ರಸೀದಿ ತೋರಿಸಿ ಕೈತೊಳೆದುಕೊಳ್ಳಬಹುದಿತ್ತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದು, ಸೇವೆಯ ಲೋಪವೆಂದು ಜಿಲ್ಲೆಯಲ್ಲೇ ದೂರು ಕೊಡುವಂತಾದ ಮೇಲೆ ಖಾಸಗಿ ಕೊರಿಯರಿನವರು ಕಟಕಟೆಗೆ ಬಂದರು. ಅಂಚೆಯ ಮೇಲೆ ಹೋದವರಿಗೆ ಮಾತ್ರ ಮತ್ತೆ ಆರನೇ ಕಲಮೇ ಅಡ್ಡ ಬಂತು. ಇಂಫಾಲದ ಪೋಸ್ಟ್ ಮಾಸ್ಟರರ ಪ್ರಕರಣವೂ ಸೇರಿ ಹಲವು ಕಡೆ ರಾಷ್ಟ್ರೀಯ ಆಯೋಗ ಅದನ್ನೇ ಎತ್ತಿಹಿಡಿಯಿತು. 1898ರ ಕಾಯ್ದೆ ಈಗಿಲ್ಲ. 2024ರ ಜೂನ್ 18ರಿಂದ ಹೊಸದು ಜಾರಿಯಲ್ಲಿದೆ. ಹೊಸದರ ಹತ್ತನೇ ಕಲಮಿನಲ್ಲಿಯೂ, ನಿಯಮದಲ್ಲಿ ಹೇಳಿದಷ್ಟು ಬಿಟ್ಟರೆ ಅಂಚೆ ಹೊಣೆಯಲ್ಲ.

ಆನ್‌ಲೈನ್ ಅಂಗಡಿಗೆ ಈ ಆಶ್ರಯ ಇಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತ ಶುರುವಾದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದಾಗ ನನ್ನಂಥವರು ನಕ್ಕೆವು, ನಮ್ಮ ವಿ.ಪಿ.ಯೇ ಪ್ಯಾಂಟು ಹಾಕಿಕೊಂಡು ಬಂತಲ್ಲ ಎಂದು. ಆಮೇಲೆ ಫೋನಿನಲ್ಲೇ ಹಣ ಕಟ್ಟುವ ರೂಢಿ ಬಲಿಯಿತು. ಬಾಗಿಲಲ್ಲಿ ದುಡ್ಡು ಎಣಿಸುವ ಕೆಲಸವಿಲ್ಲದ ಮೇಲೆ ಕಟ್ಟನ್ನು ಯಾರ ಕೈಗಾದರೂ ಕೊಟ್ಟು ಹೋಗಬಹುದು.

ಹೋದ ವರ್ಷ ನಮ್ಮ ಮನೆಯಲ್ಲೂ ಹಾಗೇ ಆಯಿತು. ಸೊಸೆ ಮಿಕ್ಸಿ ತರಿಸಿದ್ದಳು. "ಮಾವ, ಡೆಲಿವರ್ಡ್ ಅಂತ ಬಂದಿದೆ ನೋಡಿ, ನಮ್ಮ ಗೇಟೇ ಅಲ್ಲ ಇದು" ಎಂದು ಫೋಟೋ ತೋರಿಸಿದಳು. ನೀಲಿ ಗೇಟು, ಪಕ್ಕದಲ್ಲಿ ದಾಸವಾಳ. ನಮ್ಮದು ಹಸಿರು. ನಮ್ಮದೇ ನಂಬರಿನ ಮನೆ ಮುಂದಿನ ಕ್ರಾಸಿನಲ್ಲೂ ಇದೆ, ಹಳೇ ನಂಬರು ಹೊಸ ನಂಬರಿನ ರಾಮಾಯಣ. ಆ ಮನೆಗೆ ಬೀಗ. ಕಂಪನಿಯ ಹುಡುಗಿ ಫೋನಿನಲ್ಲಿ, ಸಿಸ್ಟಮ್ಮಿನಲ್ಲಿ ಡೆಲಿವರಿ ಆಗಿದೆ ಸರ್ ಎಂಬುದನ್ನು ಬಿಟ್ಟು ಮುಂದೆ ಹೋಗಲಿಲ್ಲ. ನಾನು ಸೊಸೆಗೆ ಹೇಳಿದ್ದು ಇಷ್ಟೇ: ಫೋನು ಸಾಕು, ಬರಹಕ್ಕಿಳಿ. ಆರ್ಡರಿನಲ್ಲಿರುವ ನಮ್ಮ ವಿಳಾಸ, ಅವರದೇ ಫೋಟೋ, ನಮ್ಮ ಗೇಟಿನ ಫೋಟೋ, ಓಟಿಪಿ ಯಾರಿಗೂ ಹೇಳಿಲ್ಲವೆಂಬ ಮಾತು, ನಾಲ್ಕನ್ನೂ ಸೇರಿಸಿ ಅವರ ಕುಂದುಕೊರತೆ ಅಧಿಕಾರಿಗೆ ಕಳಿಸು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆ ಅಧಿಕಾರಿ 48 ಗಂಟೆಯೊಳಗೆ ದೂರು ಮುಟ್ಟಿತೆನ್ನಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ವಿಳಾಸ ಬರೆಯುವಾಗಲೇ ನಾವು ತಪ್ಪಿದ್ದರೆ ವಾದ ಸಡಿಲವಾಗುತ್ತಿತ್ತು, ಹಾಗಾಗಿರಲಿಲ್ಲ. ಸರಿಯಾಗಿ ಬರೆದ ವಿಳಾಸಕ್ಕೆ ಮುಟ್ಟದ ಸಾಮಾನು ಸೇವೆಯ ಲೋಪ, ಬೇರೆ ಮನೆಯಿಂದ ಹುಡುಕಿ ತರುವುದು ನಮ್ಮ ಕೆಲಸವಲ್ಲ. ತಿಂಗಳು ತುಂಬುವ ಮೊದಲೇ ಹಣ ವಾಪಸಾಯಿತು, ಕ್ಷಮೆಯ ಒಂದು ಸಾಲೂ ಇಲ್ಲದೆ.

ಬಾರದಿದ್ದರೆ 1915ಕ್ಕೆ ಫೋನು ಮಾಡಿ ರಾಷ್ಟ್ರೀಯ ಸಹಾಯವಾಣಿಯಲ್ಲಿ ದೂರು ಬರೆಸುವುದಿತ್ತು, ಆಮೇಲೆ ಜಿಲ್ಲಾ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ನಂತರ ಕಂಪನಿ ಇರುವ ಊರಿಗೆ ಓಡಬೇಕಿಲ್ಲ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು, ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆಯೋಗ ಕಂಪನಿಗೆ ನೋಟಿಸು ಕಳಿಸುವ ದಾರಿಗಳಲ್ಲಿ ಅಂಚೆಯೂ ಒಂದು. ತಪ್ಪು ಮನೆಗೆ ಕೊಟ್ಟದ್ದಕ್ಕೆ ಉತ್ತರ ಹೇಳು ಎಂದು ಕಂಪನಿಯನ್ನು ಕೇಳುವ ಆ ನೋಟಿಸು ತಪ್ಪು ಮನೆಗೆ ಹೋದರೆ, ಅದನ್ನು ಒಯ್ದ ನನ್ನ ಇಲಾಖೆ ಹತ್ತನೇ ಕಲಮನ್ನು ತೋರಿಸುತ್ತದೆ.