ಬೆಳ್ಳಿಯ ಜಾಲ

ಚಿಪ್ಪನ್ನು ಕಂಡು ಬೆಳ್ಳಿಯೆಂದು ಭ್ರಮಿಸುವ ಶುಕ್ತಿರಜತದ ದೃಷ್ಟಾಂತವು ಭಾರತೀಯ ಶಾಸ್ತ್ರಕಾರರಿಗೆ ಬಹು ಪ್ರಿಯವಾದುದು. ಕಂಡುದು ಪ್ರಮೆಯೋ ಭ್ರಮೆಯೋ ಎಂಬುದನ್ನು ನಿಶ್ಚಯಿಸುವುದು ಹೇಗೆಂಬುದೇ ಅಲ್ಲಿನ ಪ್ರಶ್ನೆ. ಪಾಶ್ಚಾತ್ಯ ಜೀವಶಾಸ್ತ್ರದಲ್ಲಿಯೂ ಇದೇ ಪ್ರಶ್ನೆಯು, ಅದೂ ನಿಜವಾದ ಬೆಳ್ಳಿಯ ನಿಮಿತ್ತವಾಗಿ, ಅರ್ಧ ಶತಮಾನಕ್ಕೂ ಮಿಕ್ಕಿ ಪಂಡಿತರನ್ನು ಕಾಡಿತು.

ಇಟಲಿಯ ಕಮಿಲ್ಲೊ ಗಾಲ್ಜಿಯೆಂಬ ವೈದ್ಯನು ಅಬ್ಬಿಯಾತೆಗ್ರಾಸ್ಸೊ ಎಂಬ ಊರಿನ ಆಸ್ಪತ್ರೆಯಲ್ಲಿದ್ದಾಗ, 1873ರಲ್ಲಿ, ಹೊಸದೊಂದು ವರ್ಣವಿಧಾನವನ್ನು ಪ್ರಕಟಿಸಿದನು. ಮಿದುಳಿನ ತುಣುಕನ್ನು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಗಟ್ಟಿಗೊಳಿಸಿ ಸಿಲ್ವರ್ ನೈಟ್ರೇಟಿನ ದ್ರವದಲ್ಲಿ ನೆನೆಯಿಸಿದರೆ, ಕೆಲವೇ ನರಕಣಗಳು ಕಪ್ಪೇರಿ ತಮ್ಮ ಕೊಂಬೆರೆಂಬೆಗಳೊಡನೆ ಎದ್ದು ತೋರುವುವು. ಮುಂದೆ ಪಾವಿಯಾ ನಗರದಲ್ಲಿ ಅವನು ಈ ವಿಧಾನವನ್ನು ತಿದ್ದಿಕೊಂಡು ಗೂಬೆಯ ಕಿರುಮಿದುಳನ್ನು ಪರೀಕ್ಷಿಸುತ್ತಿರಲು, ಜೀವಕಣದ ಒಳಗೆ ಸೂಕ್ಷ್ಮವಾದ ಬಲೆಯೊಂದು ಕಂಡಿತು. ಇದನ್ನು ಅವನು 1898ರಲ್ಲಿ ಅಲ್ಲಿನ ವೈದ್ಯಸಭೆಗೆ ತಿಳಿಸಿದನು. ಇದೇ ಗಾಲ್ಜಿಯ ಜಾಲವೆಂದು ಹೆಸರಾಯಿತು.

ಆದರೆ ಅದು ಜೀವಕಣದ ಸ್ವಂತ ಅಂಗವೋ, ಬೆಳ್ಳಿಯು ಕಂಡಕಂಡಲ್ಲಿ ಕೂಡಿಕೊಂಡು ಹುಟ್ಟಿಸಿದ ಮಾಯೆಯೋ? ಬೆಳಕಿನ ಸೂಕ್ಷ್ಮದರ್ಶಕವು ಇದನ್ನು ತೀರ್ಮಾನಿಸಲಾರದೆ ಹೋಯಿತು. ಜರ್ಮನಿಯ ಅರ್ನ್‌ಸ್ಟ್ ಅಬ್ಬೆಯು, ಕಾಕತಾಳೀಯವೆಂಬಂತೆ ಆ 1873ರಲ್ಲಿಯೇ, ಅದರ ಮಿತಿಯನ್ನು ತೋರಿಸಿದ್ದನು: ಬೆಳಕಿನ ತರಂಗದ ಸುಮಾರು ಅರ್ಧದಷ್ಟಕ್ಕಿಂತ, ಎಂದರೆ ಒಂದು ಮಿಲಿಮೀಟರಿನ 5,000ದಲ್ಲೊಂದು ಪಾಲಿಗಿಂತ, ಹತ್ತಿರವಾದ ಎರಡು ಬಿಂದುಗಳು ಅದರಲ್ಲಿ ಒಂದಾಗಿಯೇ ತೋರುವುವು. ಗಾಲ್ಜಿಯು 1926ರಲ್ಲಿ ತೀರಿಕೊಂಡಾಗಲೂ ವಿವಾದವು ಮುಗಿದಿರಲಿಲ್ಲ. 1949ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಜಾರ್ಜ್ ಪಲಾಡೆ, ಆಲ್ಬರ್ಟ್ ಕ್ಲಾಡ್ ಎಂಬ ಪ್ರೌಢಪಂಡಿತರು, ಈ ಜಾಲವು ರಾಸಾಯನಿಕ ಸಂಸ್ಕಾರದಿಂದ ಹುಟ್ಟಿದ ಕೃತಕರೂಪವೆಂದೇ ವಾದಿಸಿದರು.

ಅಷ್ಟರಲ್ಲಿ ಎರಡನೆಯ ಸಾಕ್ಷಿಯು ಸಿದ್ಧವಾಗಿತ್ತು. 1931ರಲ್ಲಿ ಬರ್ಲಿನ್ನಿನಲ್ಲಿ ಅರ್ನ್‌ಸ್ಟ್ ರುಸ್ಕನೂ ಮ್ಯಾಕ್ಸ್ ನೋಲನೂ ಬೆಳಕಿಗೆ ಬದಲಾಗಿ ಎಲೆಕ್ಟ್ರಾನುಗಳ ಧಾರೆಯನ್ನು ಬಳಸುವ ಯಂತ್ರವನ್ನು ರಚಿಸಿದ್ದರು. 1954ರಲ್ಲಿ ಅಮೆರಿಕದ ಬೆಥೆಸ್ಡಾದ ಡಾಲ್ಟನ್, ಫೆಲಿಕ್ಸ್ ಎಂಬಿಬ್ಬರು ಇಲಿಯ ಅಧಿವೃಷಣದ ಜೀವಕಣಗಳನ್ನು ಬೆಳಕಿನಲ್ಲಿಯೂ ಎಲೆಕ್ಟ್ರಾನಿನಲ್ಲಿಯೂ ನೋಡಿ ಹೋಲಿಸಿದರು. ಬೆಳಕಿನಲ್ಲಿ ಗಾಲ್ಜಿಯ ಅಂಗವು ತೋರುವ ಸ್ಥಳದಲ್ಲಿಯೇ ಎಲೆಕ್ಟ್ರಾನು ಪದರ ಪದರವಾಗಿ ಅಡಕಿದ ಚಪ್ಪಟೆಯ ಚೀಲಗಳನ್ನು ತೋರಿಸಿತು. ಬೆಳ್ಳಿಯು ಸುಳ್ಳಾಡಿರಲಿಲ್ಲ. ಜೀವಕಣವು ತಯಾರಿಸಿದ ಪ್ರೋಟೀನುಗಳನ್ನು ಸಂಸ್ಕರಿಸಿ ಹೊರಗೆ ಸಾಗಿಸುವ ಸ್ಥಾನವದು. ಆ ಪ್ರೋಟೀನುಗಳ ದಾರಿಯನ್ನು ಮುಂದೆ ಹೆಜ್ಜೆ ಹೆಜ್ಜೆಯಾಗಿ ಗುರುತಿಸಿದವನು, ಹಿಂದೆ ಅದನ್ನು ಅಲ್ಲಗಳೆದಿದ್ದ ಪಲಾಡೆಯೇ. 1974ರ ನೊಬೆಲ್ ಪಾರಿತೋಷಕವು ಅವನಿಗೂ ಕ್ಲಾಡನಿಗೂ ಕ್ರಿಶ್ಚಿಯನ್ ದ ದೂವನಿಗೂ ಸಂದಿತು. ಪೂರ್ವಪಕ್ಷವನ್ನು ಬಿಟ್ಟು ಸಿದ್ಧಾಂತವನ್ನು ಹಿಡಿಯುವುದು ಪಾಂಡಿತ್ಯಕ್ಕೆ ಕುಂದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದರೆ ಗಾಲ್ಜಿಗೆ ಒಂದು ವಿಷಯದಲ್ಲಿ ಜಯವನ್ನಿತ್ತ ಯಂತ್ರವು ಮತ್ತೊಂದರಲ್ಲಿ ಸೋಲನ್ನೂ ಇತ್ತಿತು. ಮಿದುಳಿನ ನರಗಳೆಲ್ಲವೂ ಬೆಸೆದುಕೊಂಡ ಒಂದೇ ಬಲೆಯೆಂಬುದು ಅವನ ಮತ. ಸ್ಪೇನಿನ ರಾಮೋನ್ ಈ ಕಹಾಲನು ಗಾಲ್ಜಿಯ ಬೆಳ್ಳಿಯ ವಿಧಾನವನ್ನೇ ಬಳಸಿ, ಪ್ರತಿಯೊಂದು ನರಕಣವೂ ಬೇರೆ ಬೇರೆಯೆಂದು ಸಾಧಿಸಿದನು. 1906ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕವು ಜೊತೆಯಾಗಿ ದೊರೆತಾಗಲೂ ಗಾಲ್ಜಿಯು ತನ್ನ ಉಪನ್ಯಾಸದಲ್ಲಿ ಕಹಾಲನ ಮತವನ್ನು ಖಂಡಿಸಿದನು. ಎರಡು ನರಕಣಗಳ ನಡುವಣ ಎಡೆಯು ಒಂದು ಮಿಲಿಮೀಟರಿನ 50,000ದಲ್ಲೊಂದು ಪಾಲಿನಷ್ಟು ಕಿರಿದು. ಬೆಳಕಿಗೆ ಅದು ಗೋಚರಿಸುವಂತಿರಲಿಲ್ಲ. 1954ರ ಸುಮಾರಿಗೆ ಎಲೆಕ್ಟ್ರಾನ್ ಯಂತ್ರವು ಆ ಎಡೆಯನ್ನು ತೋರಿಸಲು, ಕಹಾಲನ ಪಕ್ಷವು ಗೆದ್ದಿತು. ಅದನ್ನು ನೋಡಲು ಅವನೂ ಇರಲಿಲ್ಲ. 1934ರಲ್ಲಿಯೇ ಅವನು ಮಡಿದಿದ್ದನು.

ಹೀಗೆಂದು ಹೊಸ ಯಂತ್ರವು ಹಳೆಯದನ್ನು ನಿರರ್ಥಕಗೊಳಿಸಿತೆಂದು ತಿಳಿಯಲಾಗದು. ಎಲೆಕ್ಟ್ರಾನುಗಳ ಧಾರೆಗೆ ನಿರ್ವಾತಪ್ರದೇಶ ಬೇಕು. ಅತ್ಯಂತ ತೆಳುವಾದ ಪದರಗಳಾಗಿ ಕೊಯ್ದ ನಿರ್ಜೀವ ತುಣುಕು ಬೇಕು. ಅದರ ಚಿತ್ರದಲ್ಲಿ ಬಣ್ಣವೂ ಇಲ್ಲ. ಬೆಳಕಾದರೋ ಜೀವಂತ ಕಣದ ಚಲನೆಯನ್ನು ತೋರಿಸಬಲ್ಲುದು. ವಿಶಾಲವಾದ ಪ್ರದೇಶದಲ್ಲಿ ಬೇಕಾದ ಕಣವೆಲ್ಲಿದೆಯೆಂದು ಬಣ್ಣದಿಂದ ಗುರುತಿಸಬಲ್ಲುದು. ಈ ಕಾರಣದಿಂದ ಇಂದಿನ ವಿಜ್ಞಾನಿಗಳು ಒಂದೇ ತುಣುಕನ್ನು ಮೊದಲು ಬೆಳಕಿನಲ್ಲಿ ನೋಡಿ, ಹೊಳೆಯುವ ವರ್ಣಗಳಿಂದ ಗುರುತುಮಾಡಿ, ಬಳಿಕ ಅದೇ ಸ್ಥಳವನ್ನು ಎಲೆಕ್ಟ್ರಾನ್ ಯಂತ್ರದಲ್ಲಿ ಹುಡುಕಿ, ಎರಡು ಚಿತ್ರಗಳನ್ನೂ ಒಂದರ ಮೇಲೊಂದಿರಿಸಿ ಓದುವರು. ಒಂದು ಯಂತ್ರವು ಸ್ಥಾನವನ್ನು ಹೇಳಿದರೆ ಇನ್ನೊಂದು ಸ್ವರೂಪವನ್ನು ಹೇಳುವುದು.

ಗೂಬೆಯ ಮಿದುಳಿನಲ್ಲಿ ಕಂಡ ಬಲೆಯು ನಿಜವೆಂದು ಸಿದ್ಧವಾಗಲು 56 ವರ್ಷಗಳು ಬೇಕಾದುವು. ಕಂಡವನು ಅಷ್ಟು ಕಾಲ ಬದುಕಲಿಲ್ಲ. ಆದರೆ ಅವನ ಹೆಸರು ಇಂದಿಗೂ ಆ ಅಂಗಕ್ಕೆ ಉಳಿದಿದೆ.